ಅರ್ಧ ಮುದ್ದೆಗೇ ಹೊಟ್ಟೆ ತುಂಬಿದರೆ

ಎಂಡೋಸ್ಕೋಪಿ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತವರನ್ನು ನಾನು ಮೊದಲು ಕೇಳುತ್ತಿದ್ದದ್ದು ನೋವಿನ ವಿಷಯವಲ್ಲ, ಊಟದ ವಿಷಯ. ‘ಮೊದಲು ಎಷ್ಟು ಉಣ್ತಿದ್ರಿ, ಈಗ ಎಷ್ಟು ಉಣ್ತೀರಿ?’ ಗಂಡಸರಾದರೆ ಉತ್ತರ ಹೆಚ್ಚುಕಡಿಮೆ ಒಂದೇ: ‘ಊಟಕ್ಕೇನೂ ತೊಂದ್ರೆ ಇಲ್ಲ ಸಿಸ್ಟ್ರೆ, ವಸಿ ಗ್ಯಾಸ್ಟ್ರಿಕ್ಕು ಅಷ್ಟೆ.’ ಪಕ್ಕದಲ್ಲಿ ನಿಂತ ಹೆಂಡತಿಯ ಕಡೆ ತಿರುಗಿದರೆ ನಿಜ ಹೊರಬೀಳುತ್ತಿತ್ತು. ‘ಯಾಕೆ ಸುಳ್ಳು ಹೇಳ್ತೀರಿ? ಎರಡು ಮುದ್ದೆ ಉಣ್ಣೋರು ಸಿಸ್ಟ್ರೆ. ದೀಪಾವಳಿಯಿಂದ ಈಚೆಗೆ ಅರ್ಧ ಮುದ್ದೆಗೇ ಕೈ ತೊಳೀತಾರೆ. ಕೇಳಿದ್ರೆ ಸಾರು ಸರಿಯಿಲ್ಲ ಅಂತ ನನ್ನ ಮೇಲೇ ರೇಗ್ತಾರೆ.’ ಆ ಮಾತನ್ನು ಹಾಗೇ ಚೀಟಿಯ ಮೇಲೆ ಬರೆದು ಡಾಕ್ಟರ ಮುಂದೆ ಇಡುತ್ತಿದ್ದೆ. ಎಷ್ಟೋ ಸಲ ಅವರು ರೋಗಿಯ ಹೊಟ್ಟೆ ಮುಟ್ಟಿ ನೋಡುವ ಮೊದಲು ಆ ಚೀಟಿಯನ್ನು ಎರಡು ಬಾರಿ ಓದುತ್ತಿದ್ದರು.

ಹಾಸನದ ಕಡೆಯ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು ನಾನು. ಕೆಲಸದ ಹೆಚ್ಚಿನ ಭಾಗ ಕಳೆದದ್ದು, ಬಾಯಿಂದ ಪೈಪು ಬಿಟ್ಟು ಜಠರದೊಳಗೆ ನೋಡುವ ಎಂಡೋಸ್ಕೋಪಿ ಕೋಣೆಯಲ್ಲೇ. ರೋಗಿಯ ತಲೆ ಹಿಡಿದುಕೊಳ್ಳುವುದು, ಪೈಪು ತೊಳೆಯುವುದು, ತೆಗೆದ ಚೂರನ್ನು ಫಾರ್ಮಲಿನ್ ಬಾಟಲಿಗೆ ಹಾಕಿ ಹೆಸರು ಬರೆಯುವುದು, ಹೊರಗೆ ಕಾದಿರುವ ಮನೆಯವರಿಗೆ ಸಮಾಧಾನ ಹೇಳುವುದು ನನ್ನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೂ ಬೀದಿಯವರು, ನೆಂಟರು ಹೊಟ್ಟೆಯ ಸಂಗತಿ ಬಂದರೆ ನನ್ನ ಹತ್ತಿರವೇ ಬರುತ್ತಾರೆ. ಅವರೆಲ್ಲರೂ ಕಾಯುತ್ತಿರುವುದು ನೋವಿಗಾಗಿ. ‘ನೋವೇನೂ ಇಲ್ಲವಲ್ಲ, ಕ್ಯಾನ್ಸರ್ ಆಗಿದ್ದರೆ ನೋಯುತ್ತಿರಲಿಲ್ಲವೇ?’ ಎನ್ನುತ್ತಾರೆ. ಜಠರದ ಕ್ಯಾನ್ಸರ್ ವಿಷಯದಲ್ಲಿ ಇದಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿಲ್ಲ.

ಎಂಡೋಸ್ಕೋಪಿ ಮಾಡುವಾಗ ಸಣ್ಣ ಇಕ್ಕಳ ಬಿಟ್ಟು ಜಠರದ ಒಳಪದರದಿಂದ ಚೂರು ಕಿತ್ತು ತೆಗೆಯುತ್ತಾರೆ. ಆರು, ಎಂಟು ಚೂರು ತೆಗೆದರೂ ರೋಗಿಗೆ ಗೊತ್ತೇ ಆಗುವುದಿಲ್ಲ. ಕತ್ತರಿಸಿದರೆ ನೋಯುವ ಜಾಗವಲ್ಲ ಅದು. ಜಠರದ ಕ್ಯಾನ್ಸರ್ ಸಾಮಾನ್ಯವಾಗಿ ಹುಟ್ಟುವುದು ಅದೇ ಒಳಪದರದಲ್ಲಿ. ಜಠರ ಬೇರೆ ಚೆನ್ನಾಗಿ ಹಿಗ್ಗುವ ಅಂಗ, ಒಂದೂವರೆ ಲೀಟರಿನಷ್ಟನ್ನು ಸಲೀಸಾಗಿ ಹಿಡಿಸಿಕೊಳ್ಳುತ್ತದೆ. ಮೂಲೆಯಲ್ಲಿ ಒಂದು ಸಣ್ಣ ಹುಣ್ಣೋ ಗಂಟೋ ಬೆಳೆದರೆ ಅದು ತಡೆ ಒಡ್ಡುವಷ್ಟು ದೊಡ್ಡದಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ಅಷ್ಟು ಕಾಲ ಅದು ಹುಳಿ ತೇಗು, ಹೊಟ್ಟೆಯುಬ್ಬರ, ಊಟದ ನಂತರದ ಭಾರ ಎಂಬ ವೇಷದಲ್ಲಿ ಇರುತ್ತದೆ, ಇಲ್ಲವೇ ಯಾವ ವೇಷವನ್ನೂ ತೊಡದೆ ಸುಮ್ಮನಿರುತ್ತದೆ.

ಕ್ಯಾನ್ಸರ್ ಒಳಪದರದಲ್ಲೋ ಅದರ ಕೆಳಗಿನ ಪದರದಲ್ಲೋ ಇರುವಾಗಲೇ ಸಿಕ್ಕರೆ ಅದನ್ನು ಆರಂಭಿಕ ಹಂತ ಎನ್ನುತ್ತಾರೆ. ಈ ಗೆರೆಯನ್ನು ಎಳೆದವರು ಜಪಾನಿನ ವೈದ್ಯರು, 1962ರಲ್ಲಿ. ಆ ಹಂತದಲ್ಲಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನ ಐದು ವರ್ಷದ ನಂತರವೂ ಬದುಕಿರುತ್ತಾರೆ. ಗೋಡೆ ದಾಟಿ ಯಕೃತ್ತಿಗೋ ಹೊಟ್ಟೆಯ ಪೊರೆಗೋ ಹಬ್ಬಿದ ಮೇಲೆ ಬಂದವರ ಲೆಕ್ಕ ಹೇಳಲು ಮನಸ್ಸಾಗುವುದಿಲ್ಲ. ನಮ್ಮ ಬೆಂಚಿನ ಮೇಲೆ ಬಂದು ಕೂರುತ್ತಿದ್ದವರಲ್ಲಿ ಎರಡನೆಯ ಬಗೆಯವರೇ ಹೆಚ್ಚು.

ಹಾಗಾದರೆ ಏನನ್ನು ಗಮನಿಸಬೇಕು? ನಾನು ಮೊದಲ ಸ್ಥಾನ ಕೊಡುವುದು ಹೊಟ್ಟೆ ಬೇಗ ತುಂಬುವುದಕ್ಕೆ. ಹಸಿವಿನಿಂದ ತಟ್ಟೆಯ ಮುಂದೆ ಕೂರುತ್ತಾರೆ, ನಾಲ್ಕು ತುತ್ತಿಗೇ ‘ಸಾಕು, ಹೊಟ್ಟೆ ಬಿರಿಯುತ್ತಿದೆ’ ಅನ್ನಿಸುತ್ತದೆ. ಒಂದು ಬಗೆಯ ಜಠರದ ಕ್ಯಾನ್ಸರ್ ಗಂಟಾಗಿ ಬೆಳೆಯುವುದೇ ಇಲ್ಲ. ಗೋಡೆಯೊಳಗೇ ಹರಡಿಕೊಂಡು ಇಡೀ ಜಠರವನ್ನು ಬಿರುಸಾಗಿಸಿಬಿಡುತ್ತದೆ. ಪೈಪಿನಿಂದ ಗಾಳಿ ಊದಿದರೂ ಅದು ಹಿಗ್ಗುವುದಿಲ್ಲ. ಹಿಗ್ಗದ ಜಠರಕ್ಕೆ ಎರಡು ಮುದ್ದೆ ಹಿಡಿಸುವುದಾದರೂ ಹೇಗೆ? ಕೆಲವರಿಗೆ ಮಾಂಸ ಕಂಡರೆ ಹೇಸಿಗೆ ಶುರುವಾಗುತ್ತದೆ. ಭಾನುವಾರ ಬಾಡೂಟ ತಪ್ಪಿಸದ ಮನುಷ್ಯ ‘ನಂಗೆ ಬರೀ ತಿಳಿಸಾರು ಕೊಡು’ ಎನ್ನತೊಡಗಿದರೆ ಮನೆಯವರು ವೈರಾಗ್ಯ ಬಂತು ಎಂದು ನಗೆಯಾಡುತ್ತಾರೆ.

ತೂಕದ ಸಂಗತಿ ಹೇಳುವುದು ಕಷ್ಟ, ಹಳ್ಳಿಯಲ್ಲಿ ತೂಕ ನೋಡಿಕೊಳ್ಳುವವರು ಯಾರು? ಆದರೆ ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡವರು, ಉಂಗುರಕ್ಕೆ ದಾರ ಸುತ್ತಿಕೊಂಡವರು, ರವಿಕೆಗೆ ಎರಡನೇ ಸಲ ಹೊಲಿಗೆ ಹಾಕಿಸಿಕೊಂಡವರು ನಮ್ಮಲ್ಲಿಗೆ ಬರುತ್ತಿದ್ದರು. ‘ಶುಗರ್ ಇರಬೇಕು’ ಎಂದು ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ, ಇಲ್ಲ ಎಂದು ಗೊತ್ತಾದ ಮೇಲೆ ನಿಶ್ಚಿಂತರಾಗಿ ಕೂತವರೇ ಅವರಲ್ಲಿ ಹೆಚ್ಚು. ಊಟ ಕಟ್ಟಲಿಲ್ಲ, ನಡಿಗೆ ಹೆಚ್ಚಿಸಲಿಲ್ಲ, ಆದರೂ ಆರು ತಿಂಗಳಿಂದ ಒಂದು ವರ್ಷದೊಳಗೆ ಮೈತೂಕದಲ್ಲಿ ನೂರಕ್ಕೆ ಐದು ಭಾಗ ಹೋಗಿದೆ ಎಂದರೆ, ಅಂದರೆ 60 ಕಿಲೋ ಇದ್ದವರು ಮೂರು ಕಿಲೋ ಇಳಿದಿದ್ದಾರೆ ಎಂದರೆ, ವೈದ್ಯರು ಅದಕ್ಕೆ ಕಾರಣ ಹುಡುಕಲೇಬೇಕು. ಕಾರಣ ಕ್ಯಾನ್ಸರೇ ಆಗಬೇಕಿಲ್ಲ. ಆದರೆ ಕಾರಣ ಏನಾದರೂ ಇದ್ದೇ ಇರುತ್ತದೆ.

ರಕ್ತಹೀನತೆಯ ಮಾತಿಗೆ ಬಂದರೆ ನನಗೆ ಸಿಟ್ಟು ಬರುತ್ತದೆ. ಐವತ್ತು ದಾಟಿದ ಗಂಡಸು, ಮುಟ್ಟು ನಿಂತ ಹೆಂಗಸು ‘ರಕ್ತ ಕಡಿಮೆ ಇದೆಯಂತೆ’ ಎಂದು ಕಬ್ಬಿಣದ ಮಾತ್ರೆ, ಟಾನಿಕ್, ಬೀಟ್‌ರೂಟು, ದಾಳಿಂಬೆ ತಿನ್ನುತ್ತಾ ತಿಂಗಳುಗಳನ್ನು ಕಳೆದಿರುತ್ತಾರೆ. ಹಿಮೋಗ್ಲೋಬಿನ್ 7ಕ್ಕೆ ಇಳಿದಿರುತ್ತದೆ. ಗಂಡಸರಿಗೆ 13, ಹೆಂಗಸರಿಗೆ 12 ಇರಬೇಕಾದದ್ದು. ಎರಡು ಬಾಟಲಿ ರಕ್ತ ಏರಿಸಿ ಮನೆಗೆ ಕಳುಹಿಸಿರುತ್ತಾರೆ. ಆ ರಕ್ತ ಹೋದದ್ದೆಲ್ಲಿಗೆ ಎಂದು ಯಾರೂ ಕೇಳಿರುವುದಿಲ್ಲ. ಜಠರದ ಹುಣ್ಣಿನಿಂದ ದಿನಕ್ಕೆ ಚಮಚದಷ್ಟು ರಕ್ತ ಜಿನುಗುತ್ತಿದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಬಿಳಿಚಿದ ರೆಪ್ಪೆ, ಸಂಜೆಗೆ ಸುಸ್ತು, ಇಷ್ಟೇ. ಈ ವಯಸ್ಸಿನಲ್ಲಿ ಕಬ್ಬಿಣದ ಕೊರತೆ ಕಂಡರೆ ಜಠರ ಮತ್ತು ದೊಡ್ಡ ಕರುಳು ಎರಡನ್ನೂ ನೋಡಬೇಕು. ದಾಳಿಂಬೆ ಆಮೇಲೆ ತಿನ್ನಬಹುದು.

ರಕ್ತ ಇನ್ನೂ ಹೆಚ್ಚು ಹೋದರೆ, ಐವತ್ತು ನೂರು ಮಿಲಿ ಲೀಟರಿನಷ್ಟು, ಮಲ ಕಪ್ಪಾಗುತ್ತದೆ. ಬರೀ ಕಪ್ಪಲ್ಲ. ಡಾಂಬರಿನ ಹಾಗೆ ಮಿರುಗುವ, ಅಂಟುವ, ನೀರು ಹೊಯ್ದರೂ ಸುಲಭಕ್ಕೆ ಹೋಗದ ಕಪ್ಪು, ಜೊತೆಗೆ ಸಹಿಸಲಾಗದ ನಾತ. ಜಠರದ ಆಮ್ಲದಲ್ಲಿ, ಕರುಳಿನಲ್ಲಿ ಬದಲಾದ ರಕ್ತ ಅದು. ಕೆಂಪು ರಕ್ತ ಕಂಡರೆ ಮೂಲವ್ಯಾಧಿ ಎಂದಾದರೂ ಓಡಿಬರುತ್ತಾರೆ, ಕಪ್ಪು ಮಲವನ್ನು ಉಷ್ಣ ಎಂದು ಎಳನೀರು ಕುಡಿದು ಸುಮ್ಮನಾಗುತ್ತಾರೆ. ಇಲ್ಲೊಂದು ತೊಡಕಿದೆ. ಕಬ್ಬಿಣದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ, ಆದರೆ ಅದು ಅಂಟುವುದಿಲ್ಲ, ಆ ನಾತವೂ ಇರುವುದಿಲ್ಲ. ಹಿರಿಯರಿಗೆ ಮಲದ ಬಣ್ಣ ನೋಡಿ ಎಂದರೆ ನಾಚಿಕೆ, ಬೆಳಕಿಲ್ಲದ ಪಾಯಿಖಾನೆಯಲ್ಲಿ ಕಾಣುವುದೂ ಇಲ್ಲ. ನೋಡುವುದನ್ನು ರೂಢಿ ಮಾಡಿಕೊಳ್ಳಿ ಎನ್ನುವುದಕ್ಕೆ ನನಗಂತೂ ನಾಚಿಕೆಯಿಲ್ಲ.

ವಾಂತಿಯಲ್ಲೂ ಸುಳಿವಿದೆ. ಜಠರದ ಕೆಳಬಾಗಿಲು ಮುಚ್ಚುತ್ತಾ ಬಂದರೆ ಊಟ ಮುಂದಕ್ಕೆ ಹೋಗದೆ ಅಲ್ಲೇ ಕೊಳೆಯುತ್ತದೆ. ಸಂಜೆಯ ವಾಂತಿಯಲ್ಲಿ ಹಿಂದಿನ ದಿನ ತಿಂದ ಕಾಳು ಹಾಗೇ ಬಂದಿತ್ತು ಎಂದು ಹೇಳುವವರಿದ್ದಾರೆ. ವಾಂತಿ ಕಾಫಿ ಚರಟದ ಬಣ್ಣದಲ್ಲಿದ್ದರೆ ಅದು ಹಳೆಯ ರಕ್ತ. ಮೇಲಿನ ತುದಿಯಲ್ಲಿ, ಅನ್ನನಾಳ ಬಂದು ಸೇರುವ ಕಡೆ ಗಂಟು ಬೆಳೆದರೆ ನುಂಗಲು ತೊಡಕಾಗುತ್ತದೆ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತಾರೆ. ಹಾಗಾಗಿ ‘ಮುದ್ದೆ ಎದೆಯಲ್ಲಿ ನಿಲ್ಲುತ್ತೆ’ ಎಂಬ ದೂರು ಮೊದಲು ಬರುತ್ತದೆ. ಆಮೇಲೆ ಅನ್ನಕ್ಕೆ ಇಳಿಯುತ್ತಾರೆ, ಅನ್ನದಿಂದ ಗಂಜಿಗೆ, ಗಂಜಿಯಿಂದ ಹಾಲಿಗೆ. ಪ್ರತಿ ಇಳಿತಕ್ಕೂ ಮನೆಯಲ್ಲಿ ಒಂದೊಂದು ಸಮಜಾಯಿಷಿ ಸಿದ್ಧವಿರುತ್ತದೆ: ಹಲ್ಲು ಹೋಯಿತು, ವಯಸ್ಸಾಯಿತು, ರಾಗಿ ಹೊಸದು. ನುಂಗಲು ಕಷ್ಟವಾದರೆ ವಯಸ್ಸು ಎಷ್ಟೇ ಇರಲಿ, ಕಾಯಬಾರದು.

ಇನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಮಾತ್ರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಯಾರ ಮನೆಯಲ್ಲಿಲ್ಲ? ಒಳ್ಳೆಯ ಔಷಧಗಳೇ, ಅವು ಬಂದ ಮೇಲೆ ಹುಣ್ಣಿಗಾಗಿ ಹೊಟ್ಟೆ ಕೊಯ್ಯುವುದೇ ಅಪರೂಪವಾಯಿತು. ತೊಂದರೆ ಎಂದರೆ ಅವು ಆಮ್ಲವನ್ನು ತಗ್ಗಿಸಿ ಕ್ಯಾನ್ಸರ್ ಹುಣ್ಣಿನ ಉರಿಯನ್ನೂ ಆರಿಸುತ್ತವೆ. ಹುಣ್ಣಿನ ಮೇಲ್ಭಾಗ ಸ್ವಲ್ಪ ಕಾಲ ಮಾಯ್ದಂತೆ ಕಾಣುವುದೂ ಉಂಟು. ಅಡಿಯಲ್ಲಿ ಅದು ಬೆಳೆಯುತ್ತಲೇ ಇರುತ್ತದೆ. ಮೇಷ್ಟರೊಬ್ಬರು ಎಂಟು ತಿಂಗಳು ಮೆಡಿಕಲ್ ಶಾಪಿನಿಂದ ಸ್ಟ್ರಿಪ್ಪು ತಂದು ನುಂಗಿ, ಅದು ಕೆಲಸ ಮಾಡುವುದು ನಿಂತ ಮೇಲೆ ನಮ್ಮಲ್ಲಿಗೆ ಬಂದಿದ್ದರು. ‘ಮಾತ್ರೆ ತಗೊಂಡ್ರೆ ಆರಾಮ ಆಗ್ತಿತ್ತಲ್ಲ ಸಿಸ್ಟರ್’ ಎಂದು ವಾದ ಮಾಡಿದರು, ಪಾಠ ಮಾಡಿ ರೂಢಿಯಾದ ದನಿಯಲ್ಲಿ. ಅಷ್ಟು ಹೊತ್ತಿಗೆ ಅವರ ಕ್ಯಾನ್ಸರ್ ಜಠರದ ಗೋಡೆ ದಾಟಿತ್ತು. ವೈದ್ಯರು ಬರೆದುಕೊಟ್ಟ ಅವಧಿ ಮುಗಿದ ಮೇಲೆ, ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ, ತೊಂದರೆ ಮತ್ತೆ ಬಂದರೆ ಸ್ಟ್ರಿಪ್ಪನ್ನು ತೋರಿಸಿ ಇನ್ನೊಂದು ತರಿಸುವುದಲ್ಲ, ವೈದ್ಯರ ಬಳಿಗೇ ಹೋಗಬೇಕು.

ಸ್ಕ್ಯಾನಿಂಗ್ ಮಾಡಿಸಿದ್ದೇವೆ, ನಾರ್ಮಲ್ ಬಂದಿದೆ ಎಂದು ಲಕೋಟೆ ಹಿಡಿದು ಬರುವವರ ಬಗ್ಗೆಯೂ ಹೇಳಲೇಬೇಕು. ಹೊಟ್ಟೆಯ ಅಲ್ಟ್ರಾಸೌಂಡ್ ಪಿತ್ತಕೋಶದ ಕಲ್ಲು, ಮೂತ್ರಪಿಂಡ, ಯಕೃತ್ತುಗಳನ್ನು ಚೆನ್ನಾಗಿ ತೋರಿಸುತ್ತದೆ. ಗಾಳಿ ತುಂಬಿದ ಜಠರದ ಒಳಗೋಡೆಯನ್ನು ಅದು ತೋರಿಸಲಾರದು. ಜಠರದೊಳಗಿನ ಹುಣ್ಣನ್ನು ಕಾಣಬೇಕಾದರೆ ಒಳಗೆ ಕಣ್ಣು ಹೋಗಬೇಕು. ಲಕೋಟೆಯಲ್ಲಿನ ನಾರ್ಮಲ್ ಜಠರದ ಬಗ್ಗೆ ಹೇಳಿದ ಮಾತಲ್ಲ.



ಇಷ್ಟು ಓದಿ ಎದೆ ಉರಿ ಇರುವವರೆಲ್ಲ ಗಾಬರಿಯಾಗುವುದು ಬೇಡ. ನಮ್ಮ ಕೋಣೆಯಲ್ಲಿ ಪೈಪು ಹಾಕಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಕಂಡದ್ದು ಬರೀ ಉರಿಯೂತ, ಸಣ್ಣ ಹುಣ್ಣು, ಇಲ್ಲವೇ ಏನೂ ಇಲ್ಲ. ಇಪ್ಪತ್ತೈದರ ಹುಡುಗನಿಗೆ ಹೋಟೆಲ್ ಊಟದ ಮೇಲೆ ಹುಳಿ ತೇಗು ಬಂದರೆ ಅದು ಬಹುಪಾಲು ಹುಳಿ ತೇಗೇ. ಲೆಕ್ಕ ಬದಲಾಗುವುದು ವಯಸ್ಸಿನೊಂದಿಗೆ. ಆವರೆಗೆ ಕಲ್ಲು ತಿಂದು ಕರಗಿಸುತ್ತಿದ್ದ ಮನುಷ್ಯನಿಗೆ ನಡುವಯಸ್ಸಿನ ನಂತರ ಹೊಸದಾಗಿ ಅಜೀರ್ಣ ಶುರುವಾದರೆ ಅದನ್ನು ಹಗುರವಾಗಿ ನೋಡಬಾರದು. ಪಶ್ಚಿಮದ ದೇಶಗಳಲ್ಲಿ 55, 60 ಎಂದು ಗೆರೆ ಎಳೆಯುತ್ತಾರೆ. ನಾನು ಕೆಲಸ ಮಾಡಿದಲ್ಲಿ ವೈದ್ಯರು 45ಕ್ಕೇ ಎಳೆದಿದ್ದರು. ತೂಕ ಇಳಿಕೆ, ಕಪ್ಪು ಮಲ, ರಕ್ತಹೀನತೆ, ನುಂಗುವ ಕಷ್ಟ, ನಿಲ್ಲದ ವಾಂತಿ ಇದ್ದರೆ ವಯಸ್ಸನ್ನು ನೋಡುತ್ತಲೇ ಇರಲಿಲ್ಲ.

ಜನ ಹೆದರುವುದು ಪೈಪಿಗೆ. ‘ಬಾಯಿಂದ ಪೈಪು ಬಿಡ್ತಾರಂತೆ, ಉಸಿರು ಕಟ್ಟುತ್ತಂತೆ.’ ಆ ಪೈಪು ಕಿರುಬೆರಳಿನಷ್ಟು ದಪ್ಪ, ಒಂದು ಸೆಂಟಿಮೀಟರ್ ಸುಮಾರು. ಹಿಂದಿನ ರಾತ್ರಿ ಊಟವಾದ ಮೇಲೆ ಏನೂ ತಿನ್ನದೆ ಬೆಳಿಗ್ಗೆ ಬರಬೇಕು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆಯುತ್ತೇವೆ, ಕಹಿಯಾಗಿರುತ್ತದೆ, ಉಗುಳು ನುಂಗುವುದೇ ತಿಳಿಯದಂತಾಗುತ್ತದೆ. ಎಡಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆ ಕಚ್ಚಿಸಿ, ಪೈಪು ಗಂಟಲು ದಾಟುವಾಗ ಒಮ್ಮೆ ನುಂಗಲು ಹೇಳುತ್ತೇವೆ. ಕಷ್ಟ ಎನ್ನುವುದು ಅಲ್ಲಿಯೇ, ಆ ಕೆಲವು ಕ್ಷಣ. ಪೈಪು ಹೋಗುವುದು ಅನ್ನನಾಳದಲ್ಲಿ, ಉಸಿರಿನ ದಾರಿ ತೆರೆದೇ ಇರುತ್ತದೆ. ಮೂಗಿನಿಂದ ನಿಧಾನ ಉಸಿರಾಡಿ, ಜೊಲ್ಲು ಹರಿದರೆ ಹರಿಯಲಿ ಎಂದು ನಾನು ತಲೆ ಹಿಡಿದು ಹೇಳುತ್ತಲೇ ಇರುತ್ತಿದ್ದೆ. ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ತೀರಾ ಭಯಪಡುವವರಿಗೆ ಮಂಪರಿನ ಇಂಜೆಕ್ಷನ್ ಕೊಡುತ್ತಾರೆ, ಅವರು ಅಂದು ಗಾಡಿ ಓಡಿಸುವಂತಿಲ್ಲ. ಎದ್ದು ಕೂತು ‘ಇಷ್ಟೇನಾ? ಇದಕ್ಕೆ ವರ್ಷ ಹೆದರಿದ್ನಾ?’ ಎಂದವರು ಎಷ್ಟು ಮಂದಿಯೋ.

ಚೂರು ತೆಗೆದರೆ ಕ್ಯಾನ್ಸರ್ ಕೆರಳಿ ಹಬ್ಬುತ್ತದೆ ಎಂಬ ಮಾತೂ ಊರಲ್ಲಿ ಓಡಾಡುತ್ತದೆ. ಅದು ಸುಳ್ಳು. ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ ಕ್ಯಾನ್ಸರ್ ಎಂದು ಹೇಳುವುದಕ್ಕೂ ಆಗದು, ಅಲ್ಲ ಎನ್ನುವುದಕ್ಕೂ ಆಗದು. ಜಠರದಲ್ಲಿ ಹುಣ್ಣು ಕಂಡರೆ ಅದು ಸಾಮಾನ್ಯ ಹುಣ್ಣಿನಂತೆ ಕಂಡರೂ ಅಂಚಿನಿಂದ ಹಲವು ಚೂರು ತೆಗೆಯುತ್ತಾರೆ, ಎರಡು ಮೂರು ತಿಂಗಳ ನಂತರ ಮತ್ತೆ ಬರಹೇಳುತ್ತಾರೆ. ಹುಣ್ಣು ಪೂರಾ ಮಾಯ್ದಿದೆಯೇ ಎಂದು ಕಣ್ಣಾರೆ ನೋಡಲಿಕ್ಕೆ. ನೋವು ಹೋಯಿತೆಂದು ಈ ಎರಡನೇ ಸಲಕ್ಕೆ ತಪ್ಪಿಸಿಕೊಳ್ಳುವವರು ಬಹಳ. ದಯವಿಟ್ಟು ತಪ್ಪಿಸಿಕೊಳ್ಳಬೇಡಿ.

ಚೂರುಗಳಲ್ಲಿ ಒಂದನ್ನು ನಾವು ಸ್ವಲ್ಪ ಹಳದಿ ದ್ರಾವಣಕ್ಕೆ ಹಾಕಿ ಇಡುತ್ತಿದ್ದೆವು. ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಇದೆ ಎಂದರ್ಥ. ಆಮ್ಲದಲ್ಲಿ ಯಾವ ಕ್ರಿಮಿಯೂ ಬದುಕದು ಎಂದೇ ಜಗತ್ತು ನಂಬಿದ್ದಾಗ ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದರು. ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರಾವಣವನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ, ಬಾಯಿ ವಾಸನೆ. ಪೈಪು ಹಾಕಿ ನೋಡಿದರೆ ಜಠರ ಉರಿಯೂತದಿಂದ ಕೆಂಪಾಗಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಈ ಬ್ಯಾಕ್ಟೀರಿಯಾವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತ್ತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ನಮ್ಮ ದೇಶದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇದೆ, ಬಹುಪಾಲು ಬಾಲ್ಯದಲ್ಲೇ ಸೇರಿಕೊಂಡದ್ದು. ಆದರೆ ಅವರಲ್ಲಿ ನೂರಕ್ಕೆ ಒಬ್ಬರಿಂದ ಮೂವರಿಗಷ್ಟೇ ಮುಂದೆ ಕ್ಯಾನ್ಸರ್ ಆಗುವುದು. ಬ್ಯಾಕ್ಟೀರಿಯಾ ಜೊತೆಗೆ ಇನ್ನೇನೋ ಕೂಡಬೇಕು: ಬೀಡಿ ಸಿಗರೇಟು, ಅತಿ ಉಪ್ಪು, ಹೊಗೆ ಹಾಕಿ ಒಣಗಿಸಿದ ಮಾಂಸ ಮೀನು, ಮನೆತನದ ಒಲವು. ದೇಶದಲ್ಲಿ ಜಠರದ ಕ್ಯಾನ್ಸರ್ ಅತಿ ಹೆಚ್ಚು ಇರುವ ಕಡೆಗಳಲ್ಲಿ ಮಿಜೋರಾಂ ಮುಂದು. ಅಲ್ಲಿ ಹೊಗೆಯಾಡಿಸಿದ ಮಾಂಸ ತಿನ್ನುವ ರೂಢಿಯಿದೆ, ತಂಬಾಕಿನ ಹೊಗೆಯನ್ನು ನೀರಿಗೆ ಹಾಯಿಸಿ ಮಾಡಿದ ‘ತುಯಿಬುರ್’ ಅನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ. ದಕ್ಷಿಣದವರೂ ಹಿಂದೆ ಬಿದ್ದಿಲ್ಲ. 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ, ನಗರದ ಗಂಡಸರ ಮುಖ್ಯ ಕ್ಯಾನ್ಸರ್‌ಗಳ ಸಾಲಿನಲ್ಲಿ ಜಠರದ್ದು ಇದ್ದೇ ಇದೆ. ಜಗತ್ತಿನ ಲೆಕ್ಕ ಹೇಳುವುದಾದರೆ 2022ರಲ್ಲಿ ಸುಮಾರು 9.7 ಲಕ್ಷ ಮಂದಿಗೆ ಈ ಕ್ಯಾನ್ಸರ್ ಹೊಸದಾಗಿ ಬಂತು, 6.6 ಲಕ್ಷ ಮಂದಿ ಸತ್ತರು.

ಉಪ್ಪಿನಕಾಯಿ ಬಿಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಎಲೆಯ ತುದಿಗೆ ಬಡಿಸಿಕೊಳ್ಳುವಷ್ಟಕ್ಕೆ ಯಾರೂ ಹೆದರಬೇಕಿಲ್ಲ. ಪ್ರತಿ ಊಟಕ್ಕೂ ಉಪ್ಪಿನಕಾಯಿಯನ್ನೇ ಪಲ್ಯದಂತೆ ಕಲಸಿಕೊಳ್ಳುವವರು, ಸಾರಿಗೆ ಮೇಲುಪ್ಪು ಹಾಕಿಕೊಳ್ಳುವವರು ಕಡಿಮೆ ಮಾಡುವುದು ಒಳ್ಳೆಯದು. ಅಮೆರಿಕದಂತಹ ದೇಶಗಳಲ್ಲಿ ಕಳೆದ ಶತಮಾನದಲ್ಲಿ ಈ ಕ್ಯಾನ್ಸರ್ ಬಹಳ ಇಳಿದದ್ದಕ್ಕೆ ಮನೆಗೆ ಫ್ರಿಜ್ ಬಂದದ್ದೂ ಒಂದು ಕಾರಣ ಎನ್ನುತ್ತಾರೆ. ಉಪ್ಪು ಹಾಕಿ, ಹೊಗೆ ಹಿಡಿಸಿ ಕಾಪಿಡುವ ಅಗತ್ಯ ತಪ್ಪಿತು, ತಾಜಾ ಹಣ್ಣು ತರಕಾರಿ ವರ್ಷಪೂರ್ತಿ ಸಿಗತೊಡಗಿತು. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಜಠರದ ಕ್ಯಾನ್ಸರ್ ಆಗಿದ್ದವರು ಮಾತ್ರ ತೊಂದರೆ ಇರಲಿ ಬಿಡಲಿ, ವೈದ್ಯರಿಗೆ ಆ ವಿಷಯ ತಿಳಿಸಿ ಪೈಲೋರಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇದ್ದರೆ ಸಾಮಾನ್ಯವಾಗಿ ಎರಡು ವಾರದ ಔಷಧ. ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಔಷಧಕ್ಕೆ ಜಗ್ಗದಂತಾಗುತ್ತದೆ.

ನನ್ನ ವೃತ್ತಿಯವರೊಬ್ಬರ ಹೆಸರು ಈ ರೋಗಕ್ಕೆ ಅಂಟಿಕೊಂಡಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ರಾಚೆಸ್ಟರ್‌ನಲ್ಲಿ ಶಸ್ತ್ರಚಿಕಿತ್ಸಕ ವಿಲಿಯಂ ಮೇಯೊ ಅವರಿಗೆ ನೆರವಾಗುತ್ತಿದ್ದ ಸಿಸ್ಟರ್ ಮೇರಿ ಜೋಸೆಫ್ ಡೆಂಪ್ಸಿ ಎಂಬ ನರ್ಸ್ ಶಸ್ತ್ರಚಿಕಿತ್ಸೆಗೆ ರೋಗಿಯ ಹೊಟ್ಟೆ ಶುಚಿ ಮಾಡುವಾಗ ಒಂದು ಸಂಗತಿ ಕಂಡುಕೊಂಡರು. ಹೊಕ್ಕುಳಲ್ಲಿ ಗಟ್ಟಿ ಗಂಟು ಇದ್ದವರ ಹೊಟ್ಟೆ ತೆರೆದರೆ ಕ್ಯಾನ್ಸರ್ ಎಲ್ಲೆಡೆ ಹಬ್ಬಿರುತ್ತಿತ್ತು. ಮೇಯೊ ಅದನ್ನು 1928ರಲ್ಲಿ ಬರೆದರು, 1949ರಲ್ಲಿ ಹ್ಯಾಮಿಲ್ಟನ್ ಬೇಲಿ ತಮ್ಮ ಪುಸ್ತಕದಲ್ಲಿ ಅದಕ್ಕೆ ಆಕೆಯ ಹೆಸರನ್ನೇ ಇಟ್ಟರು. ಇಂದಿಗೂ ವೈದ್ಯ ವಿದ್ಯಾರ್ಥಿಗಳು ‘ಸಿಸ್ಟರ್ ಮೇರಿ ಜೋಸೆಫ್ ಗಂಟು’ ಎಂದು ಓದುತ್ತಾರೆ. ಎಡ ಕೊರಳೆಲುಬಿನ ಮೇಲೆ, ಕತ್ತಿನ ಬುಡದಲ್ಲಿ ಏಳುವ ಗಟ್ಟಿ ಗಂಟು, ಹೊಟ್ಟೆಯಲ್ಲಿ ನೀರು ತುಂಬುವುದು, ಕಣ್ಣು ಹಳದಿಯಾಗುವುದು ಇವೂ ಅದೇ ಜಾತಿಯವು. ಆದರೆ ಇವೆಲ್ಲ ತಡವಾದ ಮೇಲೆ ಕಾಣುವ ಗುರುತುಗಳು. ಇವುಗಳಿಗೆ ಕಾಯುವುದರಲ್ಲಿ ಅರ್ಥವಿಲ್ಲ.

ದಕ್ಷಿಣ ಕೊರಿಯಾದಲ್ಲಿ 40 ದಾಟಿದ ಎಲ್ಲರಿಗೂ ಎರಡು ವರ್ಷಕ್ಕೊಮ್ಮೆ ಸರ್ಕಾರವೇ ಜಠರ ಪರೀಕ್ಷೆ ಮಾಡಿಸುತ್ತದೆ. ಅಲ್ಲಿ ಜಠರದ ಕ್ಯಾನ್ಸರ್ ಆದವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ಅವರ ವೈದ್ಯರು ನಮ್ಮವರಿಗಿಂತ ಜಾಣರೆಂದಲ್ಲ, ರೋಗಿ ಬೇಗ ಕೈಗೆ ಸಿಗುತ್ತಾನೆ. ನಮ್ಮ ರಾಷ್ಟ್ರೀಯ ತಪಾಸಣೆ ಇರುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳಿಗೆ ಮಾತ್ರ. ಇಲ್ಲಿ ಜಠರದ ಕ್ಯಾನ್ಸರ್ ಅಷ್ಟು ವ್ಯಾಪಕವಲ್ಲದ್ದರಿಂದ ಎಲ್ಲರಿಗೂ ಪೈಪು ಹಾಕುವುದು ಲೆಕ್ಕಕ್ಕೆ ಹೊಂದುವುದೂ ಇಲ್ಲ. ಮನೆಬಾಗಿಲಿಗೆ ತಪಾಸಣೆ ಬರುವುದಿಲ್ಲ ಎಂದ ಮೇಲೆ ಸುಳಿವು ಹಿಡಿಯುವ ಕೆಲಸ ನಮ್ಮ ಮೇಲೇ ಬೀಳುತ್ತದೆ.

ಕ್ಯಾನ್ಸರ್ ಎಂದು ರಿಪೋರ್ಟ್ ಬಂದ ದಿನ ಮಕ್ಕಳು ನನ್ನನ್ನು ಪಕ್ಕಕ್ಕೆ ಕರೆದು ‘ಅಪ್ಪನಿಗೆ ಹೇಳ್ಬೇಡಿ ಸಿಸ್ಟರ್, ಎದೆ ಒಡ್ಕೋತಾರೆ’ ಎನ್ನುತ್ತಿದ್ದರು. ಪ್ರೀತಿಯ ಮಾತೇ, ಆದರೆ ಹೊಟ್ಟೆ ಯಾಕೆ ಕೊಯ್ಯುತ್ತಾರೆ, ಕೀಮೋ ಯಾಕೆ ಎಂದು ತಿಳಿಯದ ಮನುಷ್ಯ ಎರಡನೇ ಸರದಿಗೆ ಬರುವುದೇ ಇಲ್ಲ. ಹೇಳುವ ರೀತಿಯಲ್ಲಿ ಹೇಳಬೇಕು. ತೀರಾ ಆರಂಭದ್ದಾದರೆ ಪೈಪಿನ ಮೂಲಕವೇ ಸುಲಿದು ತೆಗೆಯುವ ವಿಧಾನವಿದೆ. ಅದಕ್ಕಿಂತ ಮುಂದುವರಿದಿದ್ದರೆ ಕೀಮೋ ಕೊಟ್ಟು, ಶಸ್ತ್ರಚಿಕಿತ್ಸೆ ಮಾಡಿ, ಮತ್ತೆ ಕೀಮೋ ಕೊಡುತ್ತಾರೆ. ಜಠರವನ್ನು ಪೂರಾ ತೆಗೆದವರೂ ಉಣ್ಣುತ್ತಾರೆ: ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ, ಜೊತೆಗೆ ಬದುಕಿಡೀ ಬಿ12 ಇಂಜೆಕ್ಷನ್. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಹೊಲ ಮಾರುವ ಮೊದಲು ಅಲ್ಲಿ ವಿಚಾರಿಸಿ.

ಡಾಕ್ಟರ ಹತ್ತಿರ ಹೋದಾಗ ‘ಗ್ಯಾಸ್ಟ್ರಿಕ್’ ಎಂದು ನೀವೇ ತೀರ್ಪು ಕೊಡಬೇಡಿ. ಯಾವಾಗ ಶುರುವಾಯಿತು, ತೂಕ ಎಷ್ಟಿತ್ತು ಎಷ್ಟಾಯಿತು, ಮಲದ ಬಣ್ಣ ಏನು, ವಾಂತಿ ಹೇಗಿತ್ತು, ಯಾವ ಮಾತ್ರೆ ಎಷ್ಟು ದಿನದಿಂದ ನುಂಗುತ್ತಿದ್ದೀರಿ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ, ಇಷ್ಟನ್ನು ಹೇಳಿ. ಖಾಲಿ ಸ್ಟ್ರಿಪ್ಪುಗಳನ್ನು ಎಸೆಯದೆ ಜೊತೆಗೆ ಒಯ್ಯಿರಿ. ಪೈಲೋರಿ ಪರೀಕ್ಷೆಗೆ ಆಮ್ಲ ತಗ್ಗಿಸುವ ಮಾತ್ರೆಯನ್ನು ಎರಡು ವಾರ ನಿಲ್ಲಿಸಬೇಕಾಗುತ್ತದೆ, ಅದನ್ನು ಕೇಳಿಯೇ ನಿಲ್ಲಿಸಿ. ಡಾಂಬರಿನಂತಹ ಮಲ, ರಕ್ತದ ವಾಂತಿ ಕಂಡರೆ ಮಾತ್ರ ಒಪಿಡಿ ಚೀಟಿಗೆ, ನಾಳೆಯ ಬಸ್ಸಿಗೆ ಕಾಯಬೇಡಿ. ರಾತ್ರಿಯಾಗಿದ್ದರೂ ಸರಿ, 108ಕ್ಕೆ ಫೋನ್ ಮಾಡಿ ಅವತ್ತೇ ಆಸ್ಪತ್ರೆ ಸೇರಿ.